ಸಹಿಗೆ ಮೊದಲೇ ಎದ್ದ ಗಾಜಿನ ಅರಮನೆ

ಫಲಪುಷ್ಪ ಪ್ರದರ್ಶನಕ್ಕೆ ಬೆಂಗಳೂರಿನ ಲಾಲ್‌ಬಾಗ್‌ಗೆ ಹೋದವರೆಲ್ಲ ಗಾಜಿನ ಮನೆಯನ್ನು ಕಂಡಿರುತ್ತಾರೆ. 1889ರ ನವೆಂಬರ್ 30ರಂದು ಅದಕ್ಕೆ ಅಡಿಗಲ್ಲು ಇಟ್ಟವನು ಬ್ರಿಟಿಷ್ ರಾಜಕುಮಾರ ಆಲ್ಬರ್ಟ್ ವಿಕ್ಟರ್. ಅದಕ್ಕೆ ಮಾದರಿಯಾದದ್ದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್. ಈ ರಾಜಕುಮಾರನ ಅಜ್ಜ ಪ್ರಿನ್ಸ್ ಆಲ್ಬರ್ಟ್ ಮುಂದೆ ನಿಂತು ನಡೆಸಿದ 1851ರ ಮಹಾಪ್ರದರ್ಶನಕ್ಕಾಗಿ ಎದ್ದ ಕಟ್ಟಡ ಅದು. ಹಲವು ದೇಶಗಳ ತಯಾರಕರು ಒಂದೇ ಸೂರಿನಡಿ ಸರಕು ತೋರಿಸುವ ಇಂದಿನ ಮೇಳಗಳಿಗೆ ಮೇಲ್ಪಂಕ್ತಿ ಹಾಕಿದ್ದೂ ಅದೇ ಪ್ರದರ್ಶನ.

ಆದರೆ 1850ರ ಜೂನ್ ಬಂದರೂ ಹೈಡ್ ಪಾರ್ಕಿನಲ್ಲಿ ಒಂದು ಕಂಬವೂ ಎದ್ದಿರಲಿಲ್ಲ. ಸ್ಪರ್ಧೆಗೆ ಬಂದ 245 ನಕ್ಷೆಗಳನ್ನೂ ಕಟ್ಟಡ ಸಮಿತಿ ತಳ್ಳಿಹಾಕಿತ್ತು. ಸಮಿತಿಯೇ ತಯಾರಿಸಿದ ಇಟ್ಟಿಗೆ ಕಟ್ಟಡದ ನಕ್ಷೆಯನ್ನು ಜನ ಒಪ್ಪಲಿಲ್ಲ. ಆಗ ಮುಂದೆ ಬಂದವನು ಡೆವನ್‌ಶೈರ್ ಡ್ಯೂಕನ ತೋಟದ ಮೇಲ್ವಿಚಾರಕ ಜೋಸೆಫ್ ಪ್ಯಾಕ್ಸ್‌ಟನ್. ರೈಲ್ವೆ ಕಂಪನಿಯೊಂದರ ಸಭೆಯಲ್ಲಿ ಕುಳಿತು ಬ್ಲಾಟಿಂಗ್ ಪೇಪರಿನ ಮೇಲೆ ಅವನು ಗೀಚಿದ ಚಿತ್ರವೇ ಗಾಜಿನ ಅರಮನೆಗೆ ಮೂಲ.

ಚಿತ್ರ ಬರೆದದ್ದು ಒಬ್ಬನಾದರೂ ಕಟ್ಟಿದವರು ಹಲವರು. ಹಣದ ಚಿಂತೆ ಇದ್ದಾಗ ರೈಲ್ವೆ ಗುತ್ತಿಗೆದಾರ ಸ್ಯಾಮ್ಯುಯೆಲ್ ಪೀಟೊ 50,000 ಪೌಂಡಿಗೆ ಜಾಮೀನು ನಿಂತ. ಫಾಕ್ಸ್ ಮತ್ತು ಹೆಂಡರ್ಸನ್ ಗುತ್ತಿಗೆ ಸಂಸ್ಥೆ ಜುಲೈ ಕೊನೆಯಲ್ಲೇ ಜಾಗಕ್ಕೆ ಇಳಿಯಿತು. ಕರಾರಿಗೆ ಸಹಿ ಬಿದ್ದದ್ದು ಅಕ್ಟೋಬರ್ ಕೊನೆಗೆ. ಅಷ್ಟರಲ್ಲಿ ಕಂಬಗಳು ಏಳತೊಡಗಿದ್ದವು. ಕೈಯಲ್ಲಿ ಕಾಗದವಿಲ್ಲದ ಆ ಮೂರು ತಿಂಗಳು ಕೆಲಸ ಸಾಗಿದ್ದು ಮಾತಿನ ಮೇಲೆ.

ಚಾರ್ಲ್ಸ್ ಫಾಕ್ಸ್ ನಕ್ಷೆ ಬಿಡಿಸಿದಂತೆಲ್ಲ ಪಾಲುದಾರ ಹೆಂಡರ್ಸನ್ ಕಬ್ಬಿಣದ ಭಾಗಗಳನ್ನು ಮಾಡಿಸುತ್ತಿದ್ದ. ಅವರ ಕಾರ್ಖಾನೆಯೂ ಗಾಜು ಪೂರೈಸಿದ ಚಾನ್ಸ್ ಸೋದರರ ಕಾರ್ಖಾನೆಯೂ ಬರ್ಮಿಂಗ್‌ಹ್ಯಾಮ್ ಬಳಿಯ ಸ್ಮೆತ್‌ವಿಕ್‌ನಲ್ಲೇ ಇದ್ದವು. ಇಡೀ ಕಟ್ಟಡವನ್ನು 24 ಅಡಿಯ ಲೆಕ್ಕದಲ್ಲಿ ವಿಂಗಡಿಸಿದ್ದರಿಂದ ಬೇರೆ ಬೇರೆ ಕಡೆ ತಯಾರಾದ ಭಾಗಗಳು ಲಂಡನ್ನಿನಲ್ಲಿ ಸರಿಯಾಗಿ ಕೂಡಿಕೊಂಡವು. ಚಾವಣಿಯ ಮೇಲೆ ಉರುಳುವ ಗಾಡಿಗಳಲ್ಲಿ ಕುಳಿತು 80 ಕೆಲಸಗಾರರು ಒಂದೇ ವಾರದಲ್ಲಿ 18,000ಕ್ಕೂ ಹೆಚ್ಚು ಗಾಜು ಕೂರಿಸಿದರು. ಬಳಸಿದ ಒಟ್ಟು ಗಾಜು ಸುಮಾರು 3 ಲಕ್ಷ.

ಗೊತ್ತುಮಾಡಿದಂತೆ 1851ರ ಮೇ 1ರಂದು ಬಾಗಿಲು ತೆರೆಯಿತು. ಅಕ್ಟೋಬರ್‌ವರೆಗೆ 60 ಲಕ್ಷಕ್ಕೂ ಹೆಚ್ಚು ಭೇಟಿಗಳು ದಾಖಲಾದವು. ಉಳಿದ ಲಾಭ ಸುಮಾರು 1,86,000 ಪೌಂಡ್. ಆ ಹಣದಲ್ಲಿ ಕೊಂಡ ಜಾಗದಲ್ಲೇ ಇಂದು ಸೌತ್ ಕೆನ್ಸಿಂಗ್ಟನ್ನಿನ ವಸ್ತುಸಂಗ್ರಹಾಲಯಗಳಿವೆ. ಪ್ಯಾಕ್ಸ್‌ಟನ್, ಫಾಕ್ಸ್ ಹಾಗೂ ಕೆಲಸದ ಉಸ್ತುವಾರಿ ಹೊತ್ತ ಎಂಜಿನಿಯರ್ ವಿಲಿಯಂ ಕ್ಯೂಬಿಟ್ ಮೂವರಿಗೂ ‘ಸರ್’ ಪದವಿ ದೊರೆಯಿತು.

ಎಲ್ಲರ ಕಥೆಯೂ ಸುಖಾಂತವಾಗಲಿಲ್ಲ. ಸಹಿಗೂ ಕಾಯದೆ ದುಡಿದ ಫಾಕ್ಸ್–ಹೆಂಡರ್ಸನ್ ಸಂಸ್ಥೆ 1856ರಲ್ಲಿ ದಿವಾಳಿಯಾಯಿತು. ಸಿಡನ್‌ಹ್ಯಾಮ್‌ಗೆ ಸಾಗಿಸಿ ಮತ್ತೆ ಕಟ್ಟಿದ್ದ ಅರಮನೆ 1936ರ ನವೆಂಬರ್ 30ರಂದು ಬೆಂಕಿಗೆ ಆಹುತಿಯಾಯಿತು.

ಮನೆ ಕಟ್ಟುವವನು ಗೃಹಪ್ರವೇಶವನ್ನು ಮುಂದೂಡಬಹುದು. ಮೇಳ ನಡೆಸುವವನು ಉದ್ಘಾಟನೆಯ ದಿನವನ್ನು ಸುಲಭವಾಗಿ ಮುಂದೂಡುವಂತಿಲ್ಲ. ಹಾಗಾಗಿಯೇ ಈ ಕಸುಬಿನಲ್ಲಿ ಇಂದಿಗೂ ಕರಾರುಪತ್ರದಷ್ಟೇ ಕೊಟ್ಟ ಮಾತಿಗೂ ಬೆಲೆ ಇದೆ.