ಗ್ರೀಕರ ಅಚ್ಚು, ಕನ್ನಡದ ಎರಕ

ಚನ್ನಗಿರಿ ಸೀಮೆಯ ಸಂತೆಬೆನ್ನೂರಿನಲ್ಲಿ 16ನೆಯ ಶತಮಾನದ ಪುಷ್ಕರಣಿಯೊಂದುಂಟು. ನೀರಿನ ನಡುವೆ ನಿಂತಿರುವ ಅದರ ಮಂಟಪದಲ್ಲಿ ಮುಸಲ್ಮಾನ ಶೈಲಿಯ ಕಮಾನುಗಳೂ ನಮ್ಮ ಶಿಲ್ಪಿಗಳ ಕೈಚಳಕವೂ ಬೆರೆತಿವೆ. ಹೊರಗಿನಿಂದ ಬಂದ ರೂಪವು ಇಲ್ಲಿಯ ಭಾರವನ್ನು ಹೊತ್ತು ನಿಂತೀತೆ ಎಂಬುದೇ ಇಂಥ ಬೆರಕೆಗಳೆಲ್ಲಕ್ಕೂ ಒರೆಗಲ್ಲು. 20ನೆಯ ಶತಮಾನದಲ್ಲಿ ಈ ಒರೆಗಲ್ಲಿಗೆ ಕನ್ನಡ ನಾಟಕವನ್ನು ಒಡ್ಡಿದವರು ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರು.

ಮರಣವನ್ನು ರಂಗದ ಮೇಲೆ ತೋರಬಾರದೆಂಬುದು, ನಾಟಕವು ಮಂಗಳದಲ್ಲಿ ಮುಗಿಯಬೇಕೆಂಬುದು ಸಂಸ್ಕೃತ ನಾಟಕದ ಸಾಮಾನ್ಯ ಸಂಪ್ರದಾಯ. 1912ರಲ್ಲಿ ತಿರುವನಂತಪುರದಿಂದ ಬೆಳಕಿಗೆ ಬಂದ ‘ಊರುಭಂಗ’ದಂಥ ಕೃತಿಗಳು ಅಪವಾದವಾಗಿಯೇ ಉಳಿದವು. ಗ್ರೀಕರಾದರೋ ಮಹಾಪುರುಷನ ಪತನವನ್ನು ಕಣ್ಣಾರೆ ಕಂಡು, ಆ ಭಯದಲ್ಲಿಯೂ ಮರುಕದಲ್ಲಿಯೂ ಮನಸ್ಸನ್ನು ತೊಳೆದುಕೊಳ್ಳುತ್ತಿದ್ದರು. ಈ ರುದ್ರನಾಟಕವು ಕನ್ನಡಕ್ಕೆ ಬರಬೇಕೆಂಬುದು ಶ್ರೀಯವರ ಹಂಬಲ.

1926ರ ‘ಗದಾಯುದ್ಧ ನಾಟಕಂ’ ಮೊದಲ ಹೆಜ್ಜೆ. ಇಲ್ಲಿ ವಸ್ತುವನ್ನು ಕಡಲಾಚೆಯಿಂದ ತರಲಿಲ್ಲ. ರನ್ನನ ಕಾವ್ಯದೊಳಗೇ ಅಡಗಿದ್ದ ದುರ್ಯೋಧನನ ದುರಂತವನ್ನು ರಂಗಕ್ಕೆ ಹೊಂದಿಸಿಕೊಂಡರು. ಎರಡನೆಯ ಹೆಜ್ಜೆ ಇನ್ನೂ ದಿಟ್ಟವಾದುದು. ಸೊಫೊಕ್ಲಿಸನ ‘ಏಯಾಸ್’ ನಾಟಕದಲ್ಲಿ ಮಾನಭಂಗಕ್ಕೊಳಗಾದ ವೀರನೊಬ್ಬನು ತನ್ನ ಕತ್ತಿಯ ಮೇಲೆ ತಾನೇ ಬಿದ್ದು ಸಾಯುತ್ತಾನೆ. ಆ ಅಚ್ಚಿನಲ್ಲಿ ಶ್ರೀಯವರು ‘ಅಶ್ವತ್ಥಾಮನ್’ ನಾಟಕವನ್ನು ಎರಕ ಹೊಯ್ದರು.

ಇಲ್ಲಿ ದೊಡ್ಡದೊಂದು ತೊಡಕು ಎದುರಾಯಿತು. ನಮ್ಮವರಿಗೆ ಅಶ್ವತ್ಥಾಮನು ಚಿರಂಜೀವಿ. ಸೌಪ್ತಿಕಪರ್ವದಲ್ಲಿ ಅವನಿಗೆ ದೊರೆತದ್ದು ಮರಣವಲ್ಲ, 3000 ವರ್ಷ ಒಬ್ಬಂಟಿಯಾಗಿ ಅಲೆಯುವ ಶಾಪ. ಅವನನ್ನು ಸಾಯಿಸುವುದೆಂದರೆ ಜನದ ನಂಬಿಕೆಯನ್ನೇ ಕೆಣಕಿದಂತೆ. ಆದರೂ ಶ್ರೀಯವರು ಹಿಂಜರಿಯಲಿಲ್ಲ. ಅದು ಸರಿಯೆ? ಶಾಪಗ್ರಸ್ತನ ಅಂತ್ಯವಿಲ್ಲದ ಬಾಳು ಸಾವಿಗಿಂತಲೂ ಘೋರವೆಂದು ವಾದಿಸುವವರ ಮಾತಿನಲ್ಲಿ ಹುರುಳಿದೆ. ಆದರೆ ಶಾಪವೆಂಬುದು ಹೊರಗಿನಿಂದ ಬಂದೆರಗುವ ಶಿಕ್ಷೆ. ಗ್ರೀಕ್ ಅಚ್ಚಿನ ವೀರನು ತನ್ನ ಕೃತ್ಯಕ್ಕೆ ತಾನೇ ತೀರ್ಪು ಹೇಳಿಕೊಳ್ಳುತ್ತಾನೆ. ಮನುಷ್ಯನೇ ತನಗೆ ಹೊಣೆ ಎಂಬ ಈ ಭಾವ ಇಂದಿನ ಮನಸ್ಸಿಗೆ ಹತ್ತಿರವಾದುದು. ಕಥೆ ಹಳೆಯದು, ರೂಪ ಇನ್ನೊಂದು ನಾಡಿನದು. ಪ್ರಶ್ನೆ ಮಾತ್ರ ನಮ್ಮ ಕಾಲದ್ದು.

1935ರಲ್ಲಿ ಈಸ್ಕಿಲಸನ ನಾಟಕವು ‘ಪಾರಸಿಕರು’ ಎಂಬ ಹೆಸರಿನಿಂದ ಕನ್ನಡಕ್ಕೆ ಬಂದಿತು. ಹೊಸ ವಸ್ತುವಿಗೆ ಹಳೆಯ ರೂಪ ಸಲ್ಲದೆನ್ನುವವರು ಇದರ ಚರಿತ್ರೆಯನ್ನು ನೆನೆಯಬೇಕು. ಸಲಮಿಸ್ಸಿನ ನೌಕಾಯುದ್ಧ ನಡೆದುದು ಕ್ರಿ. ಪೂ. 480ರಲ್ಲಿ, ಈಸ್ಕಿಲಸನು ನಾಟಕವನ್ನು ಆಡಿಸಿದುದು ಕ್ರಿ. ಪೂ. 472ರಲ್ಲಿ. ಅಥೆನ್ಸಿನ ಪ್ರೇಕ್ಷಕರಲ್ಲಿ ಆ ಯುದ್ಧ ಕಂಡವರೇ ಅನೇಕರಿದ್ದಿರಬೇಕು. ಇಷ್ಟು ಹೊಸ ಸಂಗತಿಗೆ ಪುರಾಣದ ಗಾಂಭೀರ್ಯ ಬಂದುದು ಹೇಗೆ? ಕಾಲದ ದೂರವಿಲ್ಲದೆಡೆ ಕವಿ ದೇಶದ ದೂರವನ್ನು ಬಳಸಿಕೊಂಡನು. ರಂಗವನ್ನು ಶತ್ರುವಿನ ರಾಜಧಾನಿಗೆ ಒಯ್ದನು. ಗೆದ್ದವರ ಜಯಘೋಷವನ್ನು ಬಿಟ್ಟು ಸೋತವರ ಪ್ರಲಾಪವನ್ನು ಕೇಳಿಸಿದನು.

ಶ್ರೀಯವರು 1946ರಲ್ಲಿ ತೀರಿಕೊಂಡರು. ಗ್ರೀಕರಿಂದ ಅವರು ಕಡ ತಂದುದು ಮೇಳದ ಹಾಡನ್ನೋ ಉಡುಗೆಯ ಮಡಿಕೆಯನ್ನೋ ಅಲ್ಲ. ಕೆಟ್ಟವನ ಕೇಡಿನಲ್ಲಿಯೂ ಹಿರಿಮೆಯನ್ನು ಗುರುತಿಸುವ ದೃಷ್ಟಿಯನ್ನು. ನಮ್ಮ ಕಾಲದ ಸೋಲುಗಳನ್ನು ಬರೆಯಹೊರಡುವವರು ಮೊದಲು ಸಂಪಾದಿಸಿಕೊಳ್ಳಬೇಕಾದುದು ಆ ದೃಷ್ಟಿಯನ್ನೇ ಎಂದು ನಾವು ಭಾವಿಸುತ್ತೇವೆ.