ತಂದೆಯ ನೆನಪಿನ ಎರಡು ಊರುಗಳು

ಮೈಸೂರಿನ ಕಡೆಯಿಂದ ಹೊರಟ ರೈಲು ಚಾಮರಾಜನಗರಕ್ಕೆ ಬಂದು ನಿಂತುಬಿಡುತ್ತದೆ. ಅಲ್ಲಿಂದ ಮುಂದೆ ಹಳಿಯಿಲ್ಲ. ಗುಂಡ್ಲುಪೇಟೆಗಂತೂ ರೈಲೇ ಇಲ್ಲ. ಊಟಿಗೂ ಕೇರಳಕ್ಕೂ ಕವಲೊಡೆಯುವ ಹೆದ್ದಾರಿ ಹಗಲೆಲ್ಲ ಗಿಜಿಗುಟ್ಟಿದರೂ, ಬಂಡೀಪುರದ ಕಾಡಿನಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ 2009ರಿಂದ ನಿರ್ಬಂಧವಿರುವುದರಿಂದ, ಕತ್ತಲಾದ ಮೇಲೆ ಆ ಹಾದಿಯೂ ಮಲಗುತ್ತದೆ. ಇಷ್ಟು ಸದ್ದಿಲ್ಲದೆ ಬದುಕುವ ಈ ಊರುಗಳು ಮೈಸೂರು ಅರಸರ ಮನೆತನದ ಕತೆಯಲ್ಲಿ ಒಂದೇ ಬಗೆಯ ಸ್ಥಾನ ಪಡೆದಿವೆ. ಎರಡನ್ನೂ ಬೆಳೆಸಿದ್ದು ತಂದೆಯನ್ನು ನೆನೆದ ಮಕ್ಕಳು.

ಗುಂಡ್ಲುಪೇಟೆಗೆ ಹಿಂದೆ ವಿಜಯಪುರವೆಂಬ ಹೆಸರಿತ್ತು. ಪಟ್ಟಕ್ಕೆ ಬರುವ ಮುನ್ನ ಚಿಕ್ಕದೇವರಾಜ ಒಡೆಯರು ಸಮೀಪದ ಹಂಗಳದಲ್ಲಿ ಕಾವಲಿನಲ್ಲಿದ್ದರು. ಅವರ ತಂದೆಯ ಉತ್ತರಕ್ರಿಯೆ ನಡೆದದ್ದು ಗುಂಡ್ಲುಪೇಟೆಯಲ್ಲಿ. 1673ರಲ್ಲಿ ಸಿಂಹಾಸನವೇರಿದ ಮಗ, ತಂದೆಯ ಸದ್ಗತಿಗಾಗಿ ಅಲ್ಲಿ ಪರವಾಸುದೇವ ದೇವಾಲಯ ಕಟ್ಟಿಸಿ ಅಗ್ರಹಾರ ಸ್ಥಾಪಿಸಿದರು. ಕಾಲ ಸರಿದಂತೆ ದೇವಾಲಯ ಪಾಳುಬಿತ್ತು. ದೇವರು ಊರಿನ ವಿಜಯನಾರಾಯಣನ ಗುಡಿಗೆ ಬಿಡಾರ ಬದಲಿಸಬೇಕಾಯಿತು.

ಚಾಮರಾಜನಗರ ಮೊದಲು ಅರಿಕುಠಾರ. 1774ರಲ್ಲಿ ಇಲ್ಲಿ ಹುಟ್ಟಿದ ಮಗುವೊಂದನ್ನು ಹೈದರಾಲಿ ಮೈಸೂರಿನ ಗಾದಿಗೆ ಆರಿಸಿದ. ಅರಸುಮನೆತನದ ಮಕ್ಕಳ ಮುಂದೆ ಆಟಿಕೆ, ತಿಂಡಿ, ಆಯುಧಗಳನ್ನು ಹರಡಿದಾಗ ಈ ಹುಡುಗ ಕಠಾರಿಗೆ ಕೈಹಾಕಿದನಂತೆ. ಕತೆ ಸೊಗಸಾಗಿದೆ, ಆದರೆ ಕಠಾರಿ ಹಿಡಿದ ಕೈಗೆ ಅಧಿಕಾರವೇನೂ ಸಿಗಲಿಲ್ಲ. ಹೆಸರಿಗಷ್ಟೇ ಅರಸರಾಗಿದ್ದ ಖಾಸಾ ಚಾಮರಾಜ ಒಡೆಯರು 1796ರಲ್ಲಿ ತೀರಿಕೊಂಡರು. 1799ರಲ್ಲಿ ಎಳೆಯ ವಯಸ್ಸಿನಲ್ಲೇ ಪಟ್ಟವೇರಿದ ಮಗ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಊರಿಗೆ ತಂದೆಯ ಹೆಸರಿಟ್ಟು, 1826ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ತಂದೆ ಹುಟ್ಟಿದ ಜಾಗದಲ್ಲಿ ಜನನ ಮಂಟಪವೂ ಎದ್ದಿತು.

ಇಂಥ ರಾಜಯೋಗದ ಊರಿಗೇ, ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆಂಬ ಅಪವಾದ ಅಂಟಿಕೊಂಡದ್ದು ವಿಚಿತ್ರ. ಅದಕ್ಕೆ ಹೆದರಿ ದೂರ ಉಳಿದವರಿಂದ ನಷ್ಟವಾದದ್ದು ಊರಿನವರಿಗೇ. 1997ರಲ್ಲಿ ಇದು ಜಿಲ್ಲಾ ಕೇಂದ್ರವಾದ ಮೇಲೂ ಆ ಮಾತು ಸಾಯಲಿಲ್ಲ. 2013ರಲ್ಲಿ ಇಲ್ಲಿಗೆ ಬಂದ ಸಿದ್ದರಾಮಯ್ಯನವರು ಐದು ವರ್ಷದ ಅವಧಿ ಪೂರೈಸಿದರು.

ತಂದೆಗಾಗಿ ಕಟ್ಟಿದ ಒಂದು ಗುಡಿ ಪಾಳಾಗಿ, ಇನ್ನೊಂದು ಉಳಿದದ್ದೇಕೆ? ನೂರೈವತ್ತು ವರ್ಷಗಳ ಅಂತರ ಒಂದು ಕಾರಣವಿರಬಹುದು. ಆದರೆ ಚಾಮರಾಜೇಶ್ವರನಿಗೆ ಅರಮನೆಯ ಹಂಗನ್ನು ಮೀರಿದ ಬೇರೊಂದು ಆಸರೆಯೂ ಒದಗಿತು. ಅವನ ತೇರು ಹರಿಯುವುದು ಆಷಾಢದಲ್ಲಿ. ಶುಭಕಾರ್ಯಗಳಿಗೆ ಸಲ್ಲದೆಂಬ ತಿಂಗಳು ಅದು. ಹೊಸದಾಗಿ ಮದುವೆಯಾದ ಹೆಣ್ಣು ತವರಿನಲ್ಲಿರುವ ಕಾಲ. ಅಗಲಿದ ಗಂಡಹೆಂಡಿರು ಒಬ್ಬರನ್ನೊಬ್ಬರು ಕಾಣಲು ಈ ಜಾತ್ರೆಯೇ ನೆಪ. ಸುತ್ತಲ ಹಳ್ಳಿಗಳಿಂದ ಬಂದ ಜೋಡಿಗಳು ತೇರಿಗೆ ಹಣ್ಣು ಜವನ ಎಸೆದು ಕೈಮುಗಿಯುತ್ತವೆ. ಅರಸನೊಬ್ಬನ ಪಿತೃಭಕ್ತಿ ಹೀಗೆ ಯಾರ್‍ಯಾರದೋ ಮದುವೆಯ ಮೊದಲ ವರ್ಷದ ನೆನಪಾಗಿ ಮನೆಮನೆ ಸೇರಿತು.

2017ರಲ್ಲಿ ಕಿಡಿಗೇಡಿ ಕೃತ್ಯದಿಂದ ಆ ಹಳೆಯ ತೇರಿಗೆ ಬೆಂಕಿ ಬಿತ್ತು. ಮುಂದಿನ ಆಷಾಢಗಳು ರಥೋತ್ಸವವಿಲ್ಲದೆ ಕಳೆದವು. ಆ ವರ್ಷಗಳಲ್ಲಿ ಮದುವೆಯಾದವರಿಗೆ ತೇರಿನ ಭಾಗ್ಯವಿರಲಿಲ್ಲ. 2022ರಲ್ಲಿ ಹೊಸ ತೇರು ರಥಬೀದಿಗೆ ಇಳಿದಾಗ, ಹೊಸ ಮದುಮಕ್ಕಳ ಜೊತೆಗೆ ಅವರೂ ಬಂದು ಹಣ್ಣು ಜವನ ಎಸೆಯಬಹುದಾಯಿತು.