ಸಾಮಂತ

ಸಂಸ್ಕೃತದಲ್ಲಿ ‘ಸಮಂತ’ ಎಂದರೆ ಸುತ್ತಲೂ. ಅದರಿಂದ ಬಂದ ‘ಸಾಮಂತ’ನ ಹಳೆಯ ಅರ್ಥ ಗಡಿಗೆ ತಾಗಿದ ನೆರೆಯವನು, ಅಷ್ಟೇ. ಮೈಸೂರಿನಲ್ಲಿ ಆರ್. ಶಾಮಾಶಾಸ್ತ್ರಿಗಳು ಓಲೆಗರಿಯಿಂದ ಬೆಳಕಿಗೆ ತಂದು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲೂ ಸಾಮಂತ ನೆರೆಯ ದೊರೆಯೇ. ಗಡಿಗೆ ಹತ್ತಿದವನು ಸಹಜ ಶತ್ರು, ಅವನಾಚೆಯವನು ಮಿತ್ರ ಎಂಬ ಮಂಡಲ ಸಿದ್ಧಾಂತ ಅಲ್ಲಿಯದು. ಗುಪ್ತರ ಕಾಲದ ಹೊತ್ತಿಗೆ ಈ ನೆರೆಯವನು ಸೋತು, ಕಪ್ಪ ಕೊಟ್ಟು, ಕರೆದಾಗ ದಂಡು ತರುವ ಅಧೀನ ಅರಸನಾದ.

ಅಧೀನ ಎಂದರೆ ಎಷ್ಟು ಅಧೀನ? ಹೊಯ್ಸಳ ವಿಷ್ಣುವರ್ಧನ ಕಲ್ಯಾಣ ಚಾಲುಕ್ಯರ ಸಾಮಂತ. ಆದರೂ ಚೋಳರಿಂದ ತಲಕಾಡನ್ನು ಗೆದ್ದು ‘ತಲಕಾಡುಗೊಂಡ’ ಎನಿಸಿಕೊಂಡ. ಪೂರ್ಣ ಸ್ವಾತಂತ್ರ್ಯ ಬಂದದ್ದು ಮೊಮ್ಮಗ ಎರಡನೆಯ ಬಲ್ಲಾಳನಿಗೆ. ಸಾರ್ವಭೌಮತ್ವ ಇದ್ದರೆ ಪೂರ್ತಿ, ಇಲ್ಲದಿದ್ದರೆ ಸೊನ್ನೆ ಎಂಬ ಯುರೋಪಿನ ಲೆಕ್ಕ ಇಲ್ಲಿ ಹೊಂದುವುದಿಲ್ಲ. ಅದನ್ನು ಹಂತಹಂತವಾಗಿ ಅಳೆಯಲು ನಮ್ಮಲ್ಲೊಂದು ಪದವಿತ್ತು ಎಂಬುದು ನನಗೆ ದೊಡ್ಡ ಸಂಗತಿ. ಇಂದಿನ ಪತ್ರಿಕೆಗಳ ‘ಸಾಮಂತ ರಾಷ್ಟ್ರ’ ಬರೀ ಬೈಗುಳ. 1799ರ ನಂತರ ಬ್ರಿಟಿಷರಿಗೆ ವರ್ಷಕ್ಕೆ ಏಳು ಲಕ್ಷ ವರಹ ತೆತ್ತ ಮೈಸೂರಿಗೆ ಮಾತ್ರ ಕಪ್ಪ ಕೊಡುವ ಅಧೀನ ಅರಸ ಎಂಬ ಅರ್ಥವೇ ಸರಿಹೊಂದುತ್ತದೆ.